ಮೀಸೆ ಮೀನಿಗೆ ಸಿಕ್ಕ ಎಕ್ಸಿಟ್

ನಾನು ಮಾಡಿದ್ದು, ನೀನುಣ್ಣೋ ಮಹರಾಯ!

ಗಾದೆ ಹೀಗಿಲ್ಲ ಅಂತ ನನಗೂ ಗೊತ್ತು. ನಾಲ್ಕು ವರ್ಷದ ಬಿ.ಇ.ಯನ್ನು ಮೈಸೂರಿನಲ್ಲಿ ಐದು ವರ್ಷ ಕೂತು ಶ್ರದ್ಧೆಯಿಂದ ಓದಿದವನು, ಅಷ್ಟೂ ಗೊತ್ತಿರುವುದಿಲ್ಲವೇ? ಆದರೆ ಆ ಮಂಗಳವಾರದ ಮಟಮಟ ಮಧ್ಯಾಹ್ನ, ದೋಹಾದಿಂದ ಉತ್ತರಕ್ಕೆ ಐವತ್ತು ಕಿಲೋಮೀಟರ್ ದೂರದ ತೋಟವೊಂದರ ಹಿಂದೆ, ಮೊಣಕಾಲುದ್ದ ಕೆಸರಿನಲ್ಲಿ ನಿಂತವನ ಬಾಯಲ್ಲಿ ಗಾದೆ ಹೀಗೇ ತಿರುಚಿಕೊಂಡಿತು. ಇದು ನಡೆದ ಕಥೆ. ನಡೆಯಬಾರದಿತ್ತು, ನಡೆಯಿತು.

“ಎಳಿಯೋ ಸುಪ್ರೀತಾ, ಎಳಿ! ಮೀಸೆ ಕಾಣ್ತು, ಮೀಸೆ!”

ಕೂಗಿದವನು ಚನ್ನಣ್ಣ. ಪೂರ್ತಿ ಹೆಸರು ಚನ್ನಕೇಶವ, ನಮ್ಮ ಏಸಿ ಕಂಪನಿಯ ಸ್ಟೋರ್‌ಕೀಪರ್, ನನ್ನ ರೂಂಮೇಟು, ಮೂರು ವರ್ಷದಿಂದ ನನಗೆ ಬಿಸಿಬೇಳೆ ಭಾತ್ ಹಾಕಿ ಸಾಕಿದ ಪುಣ್ಯಾತ್ಮ.

ಎಳೆದೆ. ಕೈಯಲ್ಲಿದ್ದದ್ದು ಮೀನಿನ ಬಲೆಯಲ್ಲ. ಸಸಿಗಳ ಮೇಲೆ ನೆರಳಿಗೆ ಕಟ್ಟುವ ಹಸಿರು ಜಾಲರಿ. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ. ನಡುವೆ, ತೋಟಕ್ಕೆ ಬಿಟ್ಟು ಮಿಕ್ಕ ನೀರು ಹರಿದು ಬಂದು ನಿಂತ ಹೊಂಡ, ಆಳೆತ್ತರದ ಜೊಂಡು. ಈ ದೇಶದಲ್ಲಿ ಸಿಹಿನೀರು ಹೀಗೆ ಬಯಲಲ್ಲಿ ನಿಲ್ಲುವ ಜಾಗ ಹುಡುಕಿದರೂ ಸಿಗುವುದಿಲ್ಲ. ಚನ್ನಣ್ಣ ಹುಡುಕಿದ್ದ. ಅದೇ ತಾಪತ್ರಯ.

ನೀರು ಒಮ್ಮೆ ಉಬ್ಬಿತು. ಕಪ್ಪು ಬೆನ್ನು, ಪಕ್ಕೆಯಲ್ಲಿ ಬಿಳಿ ಪಟ್ಟೆ, ಮೈಸೂರಿನ ಪೈಲ್ವಾನರು ನಾಚಿ ಬೋಳಿಸಿಕೊಳ್ಳುವಂಥ ಮೀಸೆ. ಆಮೇಲೆ ಕೆಂಪು ಬಾಲದ ಒಂದೇ ಏಟು. ಜಾಲರಿ ಚರ್ರಂತ ಸೀಳಿತು. ಚನ್ನಣ್ಣ ಕೆಸರಿನಲ್ಲಿ ಕೂತ. ಹರಿದ ಕಿಂಡಿಯಿಂದ ಮೀನು, ಅಂದರೆ ನಮ್ಮ ಕರ್ನಲ್, ಯಾವ ಗಡಿಬಿಡಿಯೂ ಇಲ್ಲದೆ ಹೊರಗೆ ಹೋದ.

ಅವನಿಗೆ ಹೊರಗೆ ಹೋಗಲು ಯಾರ ಸಹಿಯೂ ಬೇಕಿರಲಿಲ್ಲ.

ಚನ್ನಣ್ಣನಿಗೆ ಬೇಕಿತ್ತು.

ಹಿಂದಿನ ವಾರಗಳನ್ನು ತಪ್ಪಿಸಿಕೊಂಡವರಿಗೆ ಇಷ್ಟು ಸಾಕು: ಕರ್ನಲ್ ನಮ್ಮ ಮ್ಯಾನೇಜರ್ ಮಾರಿಸ್ ಅವರ ಕೋಣೆಯ ಗಾಜಿನ ತೊಟ್ಟಿಯಲ್ಲಿದ್ದ ಮೀನು, ಅವರು ಬಾಂಬೆಗೆ ರಜೆ ಹೋಗಿದ್ದಾಗ ಅವರದೇ ದನಿಯಲ್ಲಿ ಒಂದು ಫೋನ್ ಬಂತು, “ಮೀನು ತೊಟ್ಟಿಗೆ ದೊಡ್ಡದಾಯ್ತು, ಎಲ್ಲಾದರೂ ಬಿಟ್ಟು ಬಾ” ಅಂದಿತು, ಚನ್ನಣ್ಣ ಬಿಟ್ಟು ಬಂದ.

ವಾಪಸು ಬಂದ ಮಾರಿಸ್ ಆಡಿದ್ದು ಎರಡೇ ಮಾತು. ಒಂದು, “ನಾನು ಫೋನ್ ಮಾಡಿಲ್ಲ.” ಎರಡು, “ಮೀನು ಬರ್ಬೇಕು, ಇಲ್ಲಾ ಫೋನ್ ಮಾಡಿದವನು ಬರ್ಬೇಕು. ಅಲ್ಲಿವರೆಗೆ ಎಕ್ಸಿಟ್ ಮಾಫಿ.”

ಮಾಫಿ ಅಂದರೆ ಇಲ್ಲ. ಎಕ್ಸಿಟ್ ಅಂದರೆ ಎಕ್ಸಿಟ್ ಪರ್ಮಿಟ್. ಅದರ ಮೇಲೆ ಕಂಪನಿಯ ಸಹಿ ಬೀಳದೆ ನಮ್ಮಂಥವರು ವಿಮಾನದ ಮೆಟ್ಟಿಲನ್ನೂ ಮುಟ್ಟುವಂತಿಲ್ಲ. ನಮ್ಮ ಕಂಪನಿಯಲ್ಲಿ ಆ ಸಹಿ ಮಾರಿಸ್ ಅವರದು. ನಮ್ಮೆಲ್ಲರ ಪಾಸ್‌ಪೋರ್ಟ್ ಇರುವುದೂ ಅವರ ಮೇಜಿನ ಡ್ರಾಯರಿನಲ್ಲೇ.

ಗುರುವಾರ ಸಂಜೆ ಚನ್ನಣ್ಣನ ಫ್ಲೈಟ್. ಭಾನುವಾರ ಬೆಳಿಗ್ಗೆ ತಿಪಟೂರಿನಲ್ಲಿ ಅವನ ಮದುವೆ. ಹುಡುಗಿ ಪ್ರಾರ್ಥನಾ, ಪ್ರೈಮರಿ ಸ್ಕೂಲ್ ಟೀಚರ್. ನಾನೂರು ಲಗ್ನಪತ್ರಿಕೆ ಹಂಚಿ ಆಗಿದೆ, ಛತ್ರಕ್ಕೆ ಹೇಳಿ ಆಗಿದೆ. ಮದುಮಗ ಮಾತ್ರ ಇಲ್ಲಿ, ಅರಿಸಿನ ಹಚ್ಚುವ ಮೊದಲೇ ಮೈತುಂಬ ಕೆಸರು ಹಚ್ಚಿಕೊಂಡು ಕೂತಿದ್ದಾನೆ.

ಇನ್ನು, ಇಷ್ಟು ವಾರ ನಿಮ್ಮಿಂದಲೂ ಮುಚ್ಚಿಟ್ಟ ಒಂದು ಸಂಗತಿ.

ಆ ಫೋನ್ ಮಾಡಿದವನು ನಾನು.

ದನಿ ಅನುಕರಿಸುವ ಚಟ ನನಗೆ ಕಾಲೇಜಿನಿಂದ. ಪ್ರಿನ್ಸಿಪಾಲರ ದನಿಯಲ್ಲಿ ಹಾಸ್ಟೆಲ್ಲಿಗೆ ರಜೆ ಘೋಷಿಸಿ ಒಂದು ವಾರ ಹೊರಗೆ ನಿಂತವನು. ಆ ದಿನ ಊಟದ ಮೇಲೆ ಬೇಜಾರು. ಎರಡನೇ ಮಹಡಿಯಿಂದ ಕೆಳಗಿನ ಸ್ಟೋರಿಗೆ ಫೋನ್ ತಿರುಗಿಸಿದೆ, ಮಾರಿಸ್ ಆಗಿ ನಾಲ್ಕು ಮಾತಾಡಿದೆ. ಐದು ನಿಮಿಷ ಬಿಟ್ಟು ಕೆಳಗಿಳಿದು, ಬೆನ್ನಿಗೆ ಎರಡು ಗುದ್ದು ತಿಂದು, ಇಬ್ಬರೂ ಚಹಾ ಕುಡಿಯುವುದು ಅಂತ ಲೆಕ್ಕ.

ಇಟ್ಟ ಫೋನು ತಣ್ಣಗಾಗುವ ಮೊದಲೇ ಸೈಟಿನ ಫೋರ್‌ಮನ್ ಬಂದ. “ಯಲ್ಲಾ ಸುಪ್ರೀತ್, ಗಾಡಿ ಹೊರಟಿದೆ, ರಾಸ್ ಲಫಾನ್!” ಉತ್ತರದ ಆ ಗ್ಯಾಸ್ ಕಾರ್ಖಾನೆಗಳ ಊರಿಗೆ ಗೇಟ್ ಪಾಸ್ ಇದ್ದವನು ನಾನೊಬ್ಬನೇ. ನಾಲ್ಕು ದಿನ ಅಲ್ಲಿ, ಮರಳು ಮತ್ತು ಡಕ್ಟ್ ಪೈಪುಗಳ ನಡುವೆ. ನಮ್ಮ ಕೈಗೆಟಕುವ ಒಂದು ಫೋನೂ ಇಲ್ಲ. ಐದನೇ ದಿನ ಬಂದು ನೋಡಿದರೆ ತೊಟ್ಟಿ ಖಾಲಿ. ಚನ್ನಣ್ಣ ಹೆಮ್ಮೆಯಿಂದ ವರದಿ ಒಪ್ಪಿಸಿದ: “ನೀರಿನ ಕೂಲರ್‌ನಲ್ಲಿ ಹಾಕ್ಕೊಂಡು, ಒದ್ದೆ ಗೋಣಿ ಮುಚ್ಚಿ, ಮಗು ಥರ ತಗೊಂಡೋಗಿ ಬಿಟ್ಟು ಬಂದೆ ಕಣೋ.”

ಆಗಲೇ ಹೇಳಿಬಿಡಬೇಕಿತ್ತು. ಮೀನ-ಮೇಷ ಎಣಿಸಿದೆ. ಮೇಷ ಎಲ್ಲಿತ್ತೋ, ಮೀನಂತೂ ಹೊಂಡದಲ್ಲಿತ್ತು.

“ಸಾಕು ಮಾರಾಯ್ರೆ, ಮೇಲೆ ಬನ್ನಿ,” ಪಿಕಪ್ಪಿನ ನೆರಳಿನಿಂದ ವಿಲ್ಮಕ್ಕ ಕರೆದರು. “ಆ ಜಾಲರಿಯಲ್ಲಿ ಹಿಡಿದ್ರೆ ಸೊಪ್ಪು ಹಿಡೀಬಹುದು.”

ವಿಲ್ಮಾ, ಉಡುಪಿ ಕಡೆಯ ಶಿರ್ವದವರು, ನೀರು ಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ದೋಹಾದ ಕನ್ನಡಿಗರಲ್ಲಿ ಬಳೆ ಕಳೆದರೆ, ಊರಿಂದ ಬಂದ ಪಾರ್ಸೆಲ್ ಕಳೆದರೆ ಮೊದಲು ಫೋನ್ ಹೋಗುವುದು ಅವರಿಗೆ. ನಾನು ಅವರ ಸಹಾಯಕ, ಅಂದರೆ ಡ್ರೈವರ್. ಈ ಕೇಸಿಗೆ ಅವರನ್ನು ಕರೆಸಿದ್ದೂ ಚನ್ನಣ್ಣನೇ, ಅದೂ ನನ್ನ ಮೂಲಕ. ಕಳ್ಳನನ್ನು ಹುಡುಕುವ ಗಾಡಿಗೆ ಕಳ್ಳನೇ ಡ್ರೈವರ್.

ವಿಲ್ಮಕ್ಕ ಹೊಂಡದ ನೀರನ್ನು ಒಂದು ಬಾಟಲಿಯಲ್ಲಿ ತುಂಬಿ ಬಿಸಿಲಿಗೆ ಹಿಡಿದಿದ್ದರು. ಪಕ್ಕದಲ್ಲಿ ತೋಟದ ಸುಡಾನಿ ಕಾವಲುಗಾರ, ಎರಡೂ ಕೈ ಆಡಿಸುತ್ತ ಮೀನೇ ಇಲ್ಲ ಅಂತ ದೂರು ಹೇಳುತ್ತಿದ್ದ. “ಮಾಫಿ ಸಮಕ್! ಸಣ್ಣ ಮೀನು ಖಲಾಸ್, ಕಪ್ಪೆ ಖಲಾಸ್!” ಆಮೇಲೆ ತನ್ನ ತೋಳಿನ ಮೇಲೆ ಪಟಪಟನೆ ಹೊಡೆದು ತೋರಿಸಿದ. ತೋಳಿನ ತುಂಬ ಸೊಳ್ಳೆ ಕಡಿದ ದದ್ದು.

“ನೋಡಿ ಚನ್ನಕೇಶವ,” ವಿಲ್ಮಕ್ಕ ಬಾಟಲಿ ಚಾಚಿದರು.

ನೀರಿನಲ್ಲಿ ಕೂದಲೆಳೆಯಂಥ ಹುಳಗಳು ಕುಣಿಯುತ್ತಿದ್ದವು, ನೂರಾರು.

“ಸೊಳ್ಳೆಮರಿ. ಇದನ್ನು ತಿನ್ನುವ ಸಣ್ಣ ಮೀನುಗಳನ್ನೆಲ್ಲ ನಿಮ್ಮ ಕರ್ನಲ್ ಮೂರು ವಾರದಲ್ಲಿ ತಿಂದು ಮುಗಿಸಿದ. ಯಾವ ದೇಶದ ಹೊಳೆಯ ಮೀನೋ ಏನೋ, ಇಲ್ಲಿ ಅದನ್ನು ತಿನ್ನುವವರು ಯಾರೂ ಇಲ್ಲ.”

ಚನ್ನಣ್ಣನ ಮುಖ ಇಳಿಯಿತು. “ನಮ್ಮ ಕಡೆ ದೇವಸ್ಥಾನದ ಹೊಳೇಲಿ ಮೀನು ಹಿಡಿಯಂಗಿಲ್ಲ ಅಕ್ಕ. ಮಂಡಕ್ಕಿ ಹಾಕಿ ಕೈ ಮುಗೀತೀವಿ. ಕೊಲ್ಲೋ ಬದಲು ನೀರಿಗೆ ಬಿಟ್ರೆ ಪುಣ್ಯ ಅಂದ್ಕೊಂಡೆ.”

“ಪುಣ್ಯ ಕರ್ನಲಿಗೆ ಬಂತು. ಉಳಿದವಕ್ಕೆ ಎಂತ ಬಂತು?”

ಚನ್ನಣ್ಣ ಹರಿದ ಜಾಲರಿಯನ್ನು ಸುತ್ತತೊಡಗಿದ. ಸುತ್ತುತ್ತಲೇ ಹೇಳಿದ. “ನಿಜ ಹೇಳ್ಲಾ? ಬಿಡುವಾಗ ನನಗೂ ಹಗುರಾಯ್ತು. ದಿನಾ ನಾನೇ ತಿನ್ನಿಸ್ತಿದ್ದಿದ್ದು. ಮುಂದೆ ಹೋದ್ರೆ ಗಾಜು. ತಿರುಗೋಕೆ ಜಾಗ ಇಲ್ಲ. ಪಾಪ, ರಿವರ್ಸ್ ಗೇರಲ್ಲಿ ಬರ್ತಿತ್ತು. ಮೀನು ಹಿಂದ್ಹಿಂದಕ್ಕೆ ಈಜೋದು ನೋಡಿದೀರಾ ಅಕ್ಕ? ನೋಡ್ಬಾರ್ದು.”

ವಿಲ್ಮಕ್ಕ ಬಾಟಲಿಯ ಮುಚ್ಚಳ ತಿರುಗಿಸಿದರು. “ಫೋನಿನ ವಿಷಯ ಇನ್ನೊಮ್ಮೆ ಹೇಳಿ.”

“ಎಷ್ಟು ಸಲ ಅಕ್ಕ?”

“ಇದೇ ಕೊನೇದು. ನೀವು ಹಲೋ ಅಂದಾಗ, ನಿಮ್ಮ ಹಲೋ ನಿಮಗೇ ವಾಪಸು ಕೇಳ್ತಾ? ಊರಿಗೆ ಮಾಡಿದಾಗ ಒಂದು ಗಳಿಗೆ ಬಿಟ್ಟು ಕೇಳುದಿಲ್ವಾ, ಹಾಗೆ?”

“ಇಲ್ಲ ಅಕ್ಕ. ಪಕ್ಕದ ರೂಮಲ್ಲಿ ಕೂತು ಮಾತಾಡಿದಂಗಿತ್ತು.”

“ಹಾಗಾದ್ರೆ ಬಾಂಬೆ ಅಲ್ಲ. ಇಲ್ಲಿದೇ ಫೋನು.”

ನಾನು ಬೂಟಿನ ಕೆಸರು ಕೆರೆಯುವುದರಲ್ಲಿ ಮಗ್ನನಾದೆ. ಜೀವನದಲ್ಲಿ ಯಾವ ಬೂಟನ್ನೂ ಅಷ್ಟು ಶ್ರದ್ಧೆಯಿಂದ ಕೆರೆದವನಲ್ಲ.

“ಮೊದಲ ಮಾತು ಎಂತ ಆಡಿದ್ದು ಅವರು?”

“ಗಂಟಲು ಸರಿ ಮಾಡ್ಕೊಂಡ್ರು, ಕಂಪ್ರೆಸರ್ ಸ್ಟಾರ್ಟ್ ಆದಂಗೆ. ಆಮೇಲೆ, ‘ಹಲೋ, ಚನ್ನಕೇಶವಾ’ ಅಂದ್ರು.” ಕೆಸರಿನ ನಡುವೆಯೂ ಅವನ ಮುಖ ಒಂದು ಗಳಿಗೆ ಅರಳಿತು. “ಆರು ವರ್ಷ ಆಯ್ತಕ್ಕ ನಾನು ಇಲ್ಲಿಗೆ ಬಂದು. ಸಾಹೇಬ್ರು ಕರೆಯೋದು ‘ಏಯ್ ಸ್ಟೋರ್ಸ್’ ಅಂತಾನೇ. ಅವತ್ತು ಪೂರ್ತಿ ಹೆಸರು ಹಿಡಿದು ಕರೆದ್ರು. ಆ ಖುಷಿಗೆ ನಾನು ಇನ್ನೊಂದು ಮಾತಾಡ್ಲಿಲ್ಲ.”

“ವಾಪಸು ಮಾಡಿ ಕೇಳ್ಬಹುದಿತ್ತಲ್ಲ?”

“ಬಾಂಬೆಗಾ? ಐಎಸ್‌ಡಿ ಬೀಗದ ಕೀ ಸಾಹೇಬ್ರ ಹತ್ರಾನೇ ಇರೋದು. ಇದ್ದಿದ್ರೂ, ‘ಸಾರ್, ಈಗ ಮಾತಾಡಿದ್ದು ನೀವೇನಾ’ ಅಂತ ಯಾವ ಬಾಯಲ್ಲಿ ಕೇಳ್ಲಿ?”

ಅದೂ ಸರಿಯೇ. ಮೇಲಿನಿಂದ ಬಂದ ಮಾತನ್ನು ಮೇಲಿನವರನ್ನೇ ಕೇಳಿ ಖಾತ್ರಿ ಮಾಡಿಕೊಳ್ಳುವ ಪದ್ಧತಿ ನಮ್ಮಲ್ಲಿ ಇಲ್ಲ. ನನ್ನ ತಮಾಷೆ ನಿಂತದ್ದೇ ಆ ಪದ್ಧತಿಯ ಹೆಗಲ ಮೇಲೆ.

ಎರಡೂವರೆ ಆಯಿತು. ಮೂರಕ್ಕೆ ಎರಡನೇ ಪಾಳಿ. ಜೊಂಡಿನ ನಡುವೆ ಒಂದು ಬಿಳಿ ಕೊಕ್ಕರೆ ಬಂದು ಕೂತು, ತಿನ್ನಲು ಏನೂ ಸಿಗದೆ, ಎದ್ದು ಹೋಯಿತು.

ಮೂವರೂ ಕಂಪನಿಗೆ ವಾಪಸು ಹೊರಟೆವು. ಸ್ಟೋರಿನ ಮುಂದೆ ಇಳಿದ ಚನ್ನಣ್ಣ ಕಿಟಕಿಗೆ ಬಾಗಿ, “ಬಿಡಿ ಅಕ್ಕ. ನಿಮಗೂ ತೊಂದ್ರೆ. ಇನ್ನು ನನ್ನ ದಾರಿ ನಾನೇ ನೋಡ್ಕೋತೀನಿ,” ಅಂದ. ಸೋತವರು ಆಡುವ ಮಾತು ಅಂದುಕೊಂಡೆ.

ಅವನು ಒಳಗೆ ಹೋಗುವವರೆಗೆ ವಿಲ್ಮಕ್ಕ ಕಾದರು. ಆಮೇಲೆ ಕೈ ಚಾಚಿ ರೇಡಿಯೋ ಆರಿಸಿದರು.

“ರಾಜ್ಯೋತ್ಸವದ ದಿನ ನೀನು ಎಷ್ಟು ಜನ್ರ ಸ್ವರ ಮಾಡಿದ್ದೆ?”

“ಏ… ಏಳು.”

“ಆರನೇದು ಯಾರದ್ದು?”

ನನ್ನ ಗಂಟಲಿನಲ್ಲಿ ಯಾವ ಕಂಪ್ರೆಸರೂ ಸ್ಟಾರ್ಟ್ ಆಗಲಿಲ್ಲ.

“ನಾನು ಮುಂದಿನ ಸಾಲಲ್ಲೇ ಕೂತಿದ್ದೆ ಮಾರಾಯ. ನಿಮ್ಮ ಸಾಹೇಬ್ರ ಸ್ವರಕ್ಕೆ ಜನ ಚಪ್ಪಾಳೆ ಹೊಡೆದು ಹೊಡೆದು ಸುಸ್ತಾಗಿದ್ರು. ಒಳಗೆ ಅಡುಗೆಗೆ ನಿಂತ ಚನ್ನಕೇಶವ ಒಬ್ರೇ ಅದನ್ನು ಕೇಳ್ಲಿಲ್ಲ.”

“ಯಾವತ್ತು ಗೊತ್ತಾಯ್ತು ವಿಲ್ಮಕ್ಕ?”

“ಮೊದಲನೇ ದಿನವೇ ಡೌಟು. ನೀನೇ ಹೇಳ್ತಿ ಅಂತ ಕಾದೆ. ಇವತ್ತು ಅವ್ರು ‘ಹೆಸರು ಹಿಡಿದು ಕರೆದ್ರು’ ಅಂದಾಗ ನಿನ್ನ ಮುಖ ನೋಡಿದೆ. ಬೂಟಿನಲ್ಲಿ ಎಂತ ಉಂಟಂತ ಅಷ್ಟು ನೋಡುದು?”

“ನಾನು ಹೇಳಿದ್ರೆ ನನ್ನ ಕೆಲಸ ಹೋಗುತ್ತೆ.”

“ಹೇಳದಿದ್ರೆ ಅವರ ಮದುವೆ ಹೋಗ್ತದೆ. ನಾಳೆ ಹತ್ತೂವರೆಗೆ ನಾನು ಲ್ಯಾಬಿಗೆ ರಜೆ ಹಾಕಿ ಬರ್ತೇನೆ. ನೀನು ಬಂದ್ರೂ ಸರಿ, ಬರದಿದ್ರೂ ಸರಿ.”

ಬರದೆ ಎಲ್ಲಿಗೆ ಹೋಗಲಿ? ನನ್ನ ಪಾಸ್‌ಪೋರ್ಟೂ ಅದೇ ಡ್ರಾಯರಿನಲ್ಲಿತ್ತು.

ಬುಧವಾರ ಹತ್ತೂವರೆ.

ಮಾರಿಸ್ ಅವರ ಕೋಣೆಯಲ್ಲಿ ತೊಟ್ಟಿ ಇನ್ನೂ ಇತ್ತು. ಒಳಗೆ ದೀಪ ಉರಿಯುತ್ತಿತ್ತು, ಗುಳ್ಳೆ ಬರುತ್ತಿತ್ತು, ಶುಭ್ರವಾದ ನೀರು. ಈಜುವವರು ಯಾರೂ ಇರಲಿಲ್ಲ. ಅದರ ಮುಂದೆ ಒಂದು ಕುರ್ಚಿ, ಕುರ್ಚಿಯ ಪಕ್ಕ ಸ್ಟೀಲಿನ ಟಿಫಿನ್ ಡಬ್ಬಿ. ಹೆಂಡತಿ ಬ್ರೆಂಡಾ ಮಕ್ಕಳ ಓದಿಗೆ ಬಾಂಬೆ ಸೇರಿದ ಮೇಲೆ ಮಾರಿಸ್ ಮಧ್ಯಾಹ್ನದ ಊಟವನ್ನು ಕರ್ನಲ್ ಎದುರಿಗೇ ಮಾಡುತ್ತಿದ್ದರು.

ಕೂರಿ ಅನ್ನುವ ಮೊದಲೇ ವಿಲ್ಮಕ್ಕ ಕೂತರು. ಕೊಂಕಣಿಯಲ್ಲಿ ನಾಲ್ಕು ಮಾತಾಯಿತು. ಆಮೇಲೆ ನನ್ನ ಸಲುವಾಗಿ ಕನ್ನಡಕ್ಕೆ ಇಳಿದರು.

“ಫೋನ್ ಬಂದದ್ದು ನಿಜ ಸರ್. ಚನ್ನಕೇಶವ ಸುಳ್ಳು ಹೇಳ್ಲಿಲ್ಲ.”

“ಯು ಸೀ ವಿಲ್ಮಾ ಬಾಯಿ,” ಮಾರಿಸ್ ಗಂಟಲು ಸರಿಮಾಡಿಕೊಂಡರು, “ಎಲ್ಲಾ ಸ್ಟೋರೀನೇ, ಮ್ಯಾನ್. ಪ್ರೂಫ್ ಎಲ್ಲಿ? ನನ್ನ ವಾಯ್ಸ್ ಇನ್ನೊಬ್ಬನಿಗೆ ಹೇಗೆ ಬರ್ತದೆ? ಅದು ಬಾಡಿಗೆಗೆ ಸಿಗ್ತದಾ?”

ವಿಲ್ಮಕ್ಕ ನನ್ನ ಕಡೆ ತಿರುಗಿದರು. “ಮಾಡು.”

ಮಾಡಿದೆ.

ಗಂಟಲಿನ ಕಂಪ್ರೆಸರ್ ಸ್ಟಾರ್ಟ್ ಮಾಡಿದೆ. ಕೆಳದವಡೆ ಮುಂದಕ್ಕೆ ತಂದೆ. “ಹಲೋ, ಚನ್ನಕೇಶವಾ. ಯು ಸೀ, ಆ ಮೀನು ತೊಟ್ಟಿಗೆ ತುಂಬಾ ದೊಡ್ಡದಾಯ್ತು, ಮ್ಯಾನ್. ನಂಗೆ ನೋಡ್ಲಿಕ್ಕಾಗಲ್ಲ. ನಾನು ಬರೋದ್ರೊಳಗೆ ಎಲ್ಲಾದ್ರೂ ನೀರಿರೋ ಕಡೆ ಬಿಟ್ಟು ಬಾ. ಖಲಾಸ್.”

ರಾಜ್ಯೋತ್ಸವದಲ್ಲಿ ಇದಕ್ಕೆ ಚಪ್ಪಾಳೆ ಬಿದ್ದಿತ್ತು. ಇಲ್ಲಿ, ಯಾರ ದನಿಯೋ ಅವರೇ ಎದುರು ಕೂತು ನನ್ನ ತುಟಿಯನ್ನೇ ನೋಡುತ್ತಿದ್ದರು. ನನಗೆ ಬೆವರು ಇಳಿಯಿತು, ಏಸಿ ಕಂಪನಿಯ ಮ್ಯಾನೇಜರ್ ಕೋಣೆಯಲ್ಲಿ.

“ನಾನು ಹೀಗೆ ಮಾತಾಡ್ತೀನಾ?” ಮಾರಿಸ್ ಮೆಲ್ಲಗೆ ಕೇಳಿದರು.

“ಸಾರಿ ಸರ್.”

“ಸಾರಿ ಕೇಳ್ಲಿಲ್ಲ. ಹೀಗೇನಾ?”

“ಹೌದು ಸರ್.”

“ನಾಲ್ಕಡಿ ತೊಟ್ಟಿ,” ವಿಲ್ಮಕ್ಕ ನಡುವೆ ಬಂದರು. “ಎರಡೂವರೆ ಅಡಿ ಮೀನು. ಇವನು ತಮಾಷೆಗೆ ಹೇಳಿದ ಮಾತು, ನೀವೇ ಎಂದೋ ಹೇಳ್ಬೇಕಿತ್ತು ಸರ್.”

ಮಾರಿಸ್ ಬಾಗಿಲ ಹಿಂದಕ್ಕೆ ಬೆರಳು ತೋರಿಸಿದರು. ಗೋಡೆಗೆ ಒರಗಿಸಿ, ಥರ್ಮೋಕೋಲ್ ಮತ್ತು ಗೋಣಿಯಲ್ಲಿ ಸುತ್ತಿದ ಗಾಜಿನ ಹಲಗೆಗಳು.

“ಎಂಟು ಅಡಿ,” ಅಂದರು. “ರಜೆಗೆ ಹೋಗೋ ಮುಂಚೆ ಅಳತೆ ಕೊಟ್ಟು ಹೋಗಿದ್ದೆ. ನಾನು ಬಂದ ದಿನ ಗಾಜೂ ಬಂತು. ಹೆಬ್ಬೆರಳಷ್ಟು ಇದ್ದಾಗ ಸೂಕ್ ಬಜಾರಿನಿಂದ ಕವರಲ್ಲಿ ತಂದದ್ದು ಅದನ್ನ.”

ನನಗೆ ಆ ಗಾಜಿನ ಹಿಂದೆ ಹೋಗಿ ನಿಲ್ಲಬೇಕು ಅನ್ನಿಸಿತು. ಅದರಿಂದ ಏನೂ ಮರೆಯಾಗುತ್ತಿರಲಿಲ್ಲ.

ಮಾರಿಸ್ ಬಿಳಿ ಹಾಳೆಯೊಂದನ್ನು ನನ್ನ ಕಡೆ ತಳ್ಳಿದರು. “ಬರಿ. ಇಂಗ್ಲಿಷಲ್ಲಿ.”

ಅವರು ಹೇಳಿದಂತೆ ಬರೆದೆ. ಕಂಪನಿಯ ಫೋನಿನಲ್ಲಿ ಮ್ಯಾನೇಜರ್ ಹೆಸರಿನಲ್ಲಿ ಸುಳ್ಳು ಆಜ್ಞೆ ಕೊಟ್ಟೆ, ಅದರಿಂದ ಆದ ನಷ್ಟಕ್ಕೆ ನಾನೊಬ್ಬನೇ ಹೊಣೆ, ಕಂಪನಿ ಯಾವ ಕ್ರಮ ಕೈಗೊಂಡರೂ ನನ್ನ ತಕರಾರಿಲ್ಲ. ಸಹಿ. ತಾರೀಖು.

“ಈಗ ಚನ್ನಕೇಶವರ ಎಕ್ಸಿಟ್,” ವಿಲ್ಮಕ್ಕ ಅಂದರು.

ಮಾರಿಸ್ ನನ್ನ ಕಾಗದವನ್ನು ಎರಡು ಮಡಿಕೆ ಮಾಡಿ ಡ್ರಾಯರಿನೊಳಗಿಟ್ಟು ಬೀಗ ತಿರುಗಿಸಿದರು. ಮೇಜಿನ ಮೇಲೆ ಒಂದು ವಾರದಿಂದ ಬಿದ್ದಿದ್ದ ಚನ್ನಣ್ಣನ ರಜೆಯ ಎಕ್ಸಿಟ್ ಫಾರಂ ಎಳೆದು, ಓದದೆ, ಒಂದೇ ಗೀಟಿನಲ್ಲಿ ಸಹಿ ಮಾಡಿ, ಟಪ್ಪಂತ ಮೊಹರು ಒತ್ತಿ ಕೊಟ್ಟರು.

“ತಗೊಳ್ಳಿ. ಹ್ಯಾಪಿ ಮ್ಯಾರೀಡ್ ಲೈಫ್ ಅಂತ ಹೇಳಿ.”

ಮೆಟ್ಟಿಲಿಳಿಯುವಾಗ ನನಗೆ ರೆಕ್ಕೆ ಬಂದಿತ್ತು. ಕೆಲಸ ಹೋಗುತ್ತದೋ ಏನೋ, ಎದೆಯ ಕಲ್ಲು ಹೋಯಿತಲ್ಲ. ವಿಲ್ಮಕ್ಕ ಮಾತ್ರ ಹಿಂದೆಯೇ ಉಳಿದರು.

“ಬೇಗ ಬನ್ನಿ ವಿಲ್ಮಕ್ಕ!”

“ಬೈಲಿಲ್ಲ,” ಅವರು ತಮಗೆ ತಾವೇ ಹೇಳಿಕೊಂಡರು. “ಚೌಕಾಸಿ ಮಾಡ್ಲಿಲ್ಲ. ‘ನೋಡುವ, ನಾಳೆ ಬನ್ನಿ’ ಅನ್ಲಿಲ್ಲ. ಮ್ಯಾನೇಜರ್ ಆದವನು ಇಷ್ಟು ಸಲೀಸಾಗಿ ಸಹಿ ಹಾಕಿದ್ದನ್ನು ನಾನು ಈ ಹನ್ನೊಂದು ವರ್ಷದಲ್ಲಿ ನೋಡ್ಲಿಲ್ಲ.”

ಸಂತೋಷದಲ್ಲಿದ್ದವನಿಗೆ ತರ್ಕ ಕೇಳಿಸುವುದಿಲ್ಲ. ನಾನು ಓಡಿದೆ.

ಚನ್ನಣ್ಣ ಸ್ಟೋರಿನಲ್ಲಿರಲಿಲ್ಲ. ವರ್ಕ್‌ಶಾಪಿನ ಹಿಂದಿನ ನಮ್ಮ ರೂಮಿನಲ್ಲಿದ್ದ. ಮಂಚದ ಮೇಲೆ ಕೂತು ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ. ಅಂಥವು ಮೂರಿದ್ದವು. ಕುಕ್ಕರ್, ಇಡ್ಲಿ ಪಾತ್ರೆ, ಗೋಡೆಯ ಮೇಲಿದ್ದ ಗಣಪತಿಯ ಪಟ, ಎಲ್ಲ ಒಳಗೆ. ಒಂದು ತಿಂಗಳ ರಜೆಗೆ ಹೋಗುವವನು ಇಡ್ಲಿ ಪಾತ್ರೆ ಕಟ್ಟುವುದಿಲ್ಲ ಅಂತ ನನಗೆ ಹೊಳೆಯಬೇಕಿತ್ತು.

“ಚನ್ನಣ್ಣಾ, ಸಹಿ! ನೋಡು, ಎಕ್ಸಿಟ್!”

ಅವನು ಕಾಗದ ತೆಗೆದುಕೊಂಡು ಎರಡೂ ಮಗ್ಗುಲು ತಿರುಗಿಸಿ ನೋಡಿದ. “ಯಾವಾಗ ಕೊಟ್ರು?”

“ಈಗ! ಕಾಲು ಗಂಟೆ ಆಯ್ತು.”

ಚನ್ನಣ್ಣ ದಿಂಬಿನ ಕೆಳಗಿಂದ ತನ್ನ ಪಾಸ್‌ಪೋರ್ಟ್ ತೆಗೆದ. ವೀಸಾದ ಪುಟ ಬಿಡಿಸಿ ನನ್ನ ಕೈಗಿತ್ತ. ವೀಸಾದ ಮೇಲೆ ಅಡ್ಡಡ್ಡ ಒಂದು ಮೊಹರು, ಶಾಯಿ ಇನ್ನೂ ಹಸಿ. ಕ್ಯಾನ್ಸಲ್. ಅದೇ ದಿನದ ತಾರೀಖು.

“ನಿನ್ನೆ ಸಂಜೆ ರಾಜೀನಾಮೆ ಬರೆದುಕೊಟ್ಟೆ ಕಣೋ. ಯಾವ ಫೋನೂ ಬಂದಿಲ್ಲ, ಮೀನು ಬಿಟ್ಟಿದ್ದು ನಾನೇ, ಕೆಲಸದಿಂದ ತೆಗೆದುಬಿಡಿ ಅಂತ.” ಅವನು ಮಗುವಿಗೆ ಮಗ್ಗಿ ಹೇಳಿಕೊಡುವವನ ಹಾಗೆ ನಿಧಾನವಾಗಿ ಹೇಳಿದ. “ರಜೆಗೆ ಹೋಗೋನನ್ನ ತಡೀಬಹುದು. ಕೆಲಸ ಬಿಟ್ಟೋನನ್ನ ಇಟ್ಕೊಂಡು ಕಂಪನಿ ಏನ್ ಮಾಡುತ್ತೆ? ಅವ್ರೇ ಟಿಕೆಟ್ ಕೊಟ್ಟು ವಿಮಾನ ಹತ್ತಿಸ್ಬೇಕು. ಆಫೀಸಿನ ನೊರ್ಬರ್ಟ್ ಬೆಳಿಗ್ಗೆ ಏಳಕ್ಕೇ ಇಮಿಗ್ರೇಷನ್‌ಗೆ ಓಡಿ ಕ್ಯಾನ್ಸಲ್ ಮುಗಿಸ್ಕೊಂಡು ಬಂದ. ಒಂಬತ್ತಕ್ಕೆ ಸಾಹೇಬ್ರೇ ಕರೆದು ಪಾಸ್‌ಪೋರ್ಟ್ ಕೈಗೆ ಕೊಟ್ರು.”

“ಎಷ್ಟಕ್ಕೆ?” ಬಾಗಿಲಲ್ಲಿ ನಿಂತಿದ್ದ ವಿಲ್ಮಕ್ಕ ಕೇಳಿದರು.

“ಒಂಬತ್ತು ಅಕ್ಕ.”

ವಿಲ್ಮಕ್ಕ ಇಡ್ಲಿ ಪಾತ್ರೆಯ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. “ಇಲ್ಲದ ವೀಸಾಕ್ಕೆ ರಜೆಯ ಎಕ್ಸಿಟ್. ಹಪ್ಪಳದ ಎಣ್ಣೆ ಒರೆಸ್ಲಿಕ್ಕೆ ಆದೀತು ಈ ಕಾಗದ.”

“ಮತ್ತೆ ಹುಡುಗಿ ಮನೆಯವರಿಗೆ?” ನನ್ನ ದನಿ ನನ್ನದರ ಹಾಗೂ ಇರಲಿಲ್ಲ, ಇನ್ಯಾರದರ ಹಾಗೂ ಇರಲಿಲ್ಲ.

“ಗೊತ್ತಿಲ್ಲ. ಅವರಪ್ಪ ಒಪ್ಪಿದ್ದೇ ದೋಹಾ ಕೆಲಸ ನೋಡಿ. ಲಗ್ನಪತ್ರಿಕೇಲಿ ನನ್ನ ಹೆಸರಿನ ಕೆಳಗೆ ‘ಕತಾರ್’ ಅಂತ ದಪ್ಪಕ್ಷರದಲ್ಲಿ ಹಾಕ್ಸಿದಾರೆ. ಮುಹೂರ್ತಕ್ಕೆ ಮುಂಚೆ ಹೇಳ್ಬೇಕೋ, ತಾಳಿ ಕಟ್ಟಿ ಹೇಳ್ಬೇಕೋ…” ಅವನು ಹಗ್ಗದ ಗಂಟನ್ನು ಸುಮ್ಮನೆ ಬಿಚ್ಚಿ ಮತ್ತೆ ಕಟ್ಟಿದ. “ಇರ್ಲಿ. ಗಂಡು ಛತ್ರದಲ್ಲಿ ಇರ್ತಾನಲ್ಲ. ಅದೇ ದೊಡ್ಡದು.”

ಇನ್ನು ಮುಚ್ಚಿಡಲು ನನ್ನಿಂದಾಗಲಿಲ್ಲ.

“ಚನ್ನಣ್ಣ. ಫೋನ್ ಮಾಡಿದ್ದು ನಾನು.”

“ಯಾವ ಫೋನು?”

“ಅದೇ. ಸಾಹೇಬ್ರ ದನೀಲಿ. ತಮಾಷೆಗೆ. ಐದು ನಿಮಿಷಕ್ಕೆ ಬಂದು ಹೇಳೋನಿದ್ದೆ, ರಾಸ್ ಲಫಾನ್‌ಗೆ ಎತ್ತಾಕ್ಕೊಂಡು ಹೋದ್ರು.”

ಹೊಡೆಯುತ್ತಾನೆ ಅಂತ ಕಣ್ಣು ಮುಚ್ಚಿದೆ. ಹೊಡೆತ ಬೀಳಲಿಲ್ಲ. ಕಣ್ಣು ಬಿಟ್ಟರೆ, ಅವನು ಹಗ್ಗ ಹಿಡಿದೇ ನನ್ನನ್ನು ನೋಡುತ್ತಿದ್ದ, ಕಲಿತ ಪಾಠ ಮರೆತುಹೋದವನ ಹಾಗೆ.

“ಇದನ್ನ ಸಾಹೇಬ್ರಿಗೆ ಹೇಳಿದ್ಯಾ?”

“ಬರೆದೂ ಕೊಟ್ಟೆ. ಅದಕ್ಕೇ ಸಹಿ ಹಾಕಿದ್ದು ಅವ್ರು.”

“ಆ ಕಾಗದ ಎಲ್ಲಿ?”

“ಡ್ರಾಯರಲ್ಲಿ.”

“ನಿನ್ನ ಪಾಸ್‌ಪೋರ್ಟ್?”

“ಅದೇ ಡ್ರಾಯರಲ್ಲಿ.”

“ಅಂದ್ರೆ,” ಚನ್ನಣ್ಣ ಬೆರಳು ಮಡಚಿದ, “ನಾನು ಹೊರಟಾಗಿತ್ತು. ಹೊರಟೋನಿಗೆ ಎಕ್ಸಿಟ್ ಕೊಡ್ಸೋಕೆ ನೀನು ಓಡಿ ಹೋಗಿ ಸಿಕ್ಕಿಹಾಕ್ಕೊಂಡೆ…” ತುಟಿ ಬಿಗಿಹಿಡಿದ, ಕೆನ್ನೆ ಉಬ್ಬಿತು, ನಗು ಫಕ್ಕನೆ ಒಡೆಯಿತು.

ಅವನು ನಕ್ಕ. ಮಂಚ ಕಿರುಗುಟ್ಟುವಂತೆ, ಪೆಟ್ಟಿಗೆಯನ್ನು ತಬ್ಬಿಕೊಂಡು ನಕ್ಕ. ವಿಲ್ಮಕ್ಕ ಬಾಯಿಗೆ ಕರ್ಚೀಫ್ ಒತ್ತಿಕೊಂಡರು. ಅವರ ಹೆಗಲೂ ಕುಲುಕಿತು. ನಾನೂ ನಕ್ಕೆ, ಹೆದರಿದವರು ನಗುವ ಹಾಗೆ, ಹಲ್ಲಿನಿಂದ ಮಾತ್ರ. ಪಕ್ಕದ ವರ್ಕ್‌ಶಾಪಿನಲ್ಲಿ ತಗಡು ಕೊಯ್ಯುತ್ತಿದ್ದವರು ಮಷೀನು ನಿಲ್ಲಿಸಿದರು.

ಮಷೀನು ನಿಂತ ಆ ಗಳಿಗೆಯಲ್ಲಿ ನೊರ್ಬರ್ಟ್ ಬಾಗಿಲಿಗೆ ಬಂದು ನಿಂತ. ಒಳಗೆ ಏನು ನಡೆದಿದೆ ಅಂತ ಅವನಿಗೆ ಅರ್ಥವಾಗಲಿಲ್ಲ.

“ಸುಪ್ರೀತ್, ಸಾಹೇಬ್ರು ಕರೀತಾರೆ. ಈಗಲೇ ಬರ್ಬೇಕಂತೆ. ನಿನ್ನ ಪಾಸ್‌ಪೋರ್ಟ್ ಹೊರಗೆ ತೆಗೆದಿಟ್ಟಿದ್ದಾರೆ. ನನಗೂ ಮತ್ತೆ ಇಮಿಗ್ರೇಷನ್‌ಗೆ ಹೋಗ್ಲಿಕ್ಕೆ ರೆಡಿ ಇರು ಅಂದಿದ್ದಾರೆ.”

“ಯಾತಕ್ಕೆ?” ಅಂತ ಕೇಳಲು ಬಾಯಿ ತೆರೆದೆ.

ಆ ನಗುವಿನಲ್ಲಿ ಕೇಳಿಸಬೇಕಲ್ಲ. ವಿಲ್ಮಕ್ಕನ ನಗು ನಿಂತಿತ್ತು, ನನ್ನದು ಸತ್ತಿತ್ತು. ಚನ್ನಣ್ಣ ಮಾತ್ರ, ಕೆಲಸ ಕಳೆದುಕೊಂಡ ಆ ಮದುಮಗ, ಕಣ್ಣು ಒರೆಸಿಕೊಳ್ಳುತ್ತ ಮೊದಲಿಗಿಂತ ಜೋರಾಗಿ ನಗುತ್ತಿದ್ದ.